ಬಯಾಪ್ಸಿ ವರದಿಯ ‘ಹರ್2: 2+’ ಮತ್ತು ಅದರ ಹಿಂದಿನ ಕಥೆ

ತುಮಕೂರಿನಲ್ಲಿ ಸ್ತನದ ಗಂಟು ತೆಗೆಸಿ, ಕ್ಯಾನ್ಸರ್ ಎಂದು ಗೊತ್ತಾದವರ ವರದಿಯಲ್ಲಿ ಇಆರ್, ಪಿಆರ್ ಎಂಬ ಹಾರ್ಮೋನ್ ಗ್ರಾಹಕಗಳ ಜೊತೆಗೆ ‘ಹರ್2’ ಎಂಬ ಸಾಲೊಂದು ಇರುತ್ತದೆ; ಇದು ಜೀವಕೋಶದ ಹೊರಪೊರೆಯಲ್ಲಿರುವ ಒಂದು ಗ್ರಾಹಕ ಪ್ರೋಟೀನ್. ಪಕ್ಕದಲ್ಲಿ, ಬಣ್ಣ ಹಾಕಿ ನೋಡಿದಾಗ ಆ ಪ್ರೋಟೀನ್ ಎಷ್ಟು ಕಂಡಿತೆಂಬ ಅಂಕ: 0, 1+, 2+ ಅಥವಾ 3+. 3+ ಬಂದರೆ, ಹರ್2 ಅನ್ನೇ ಗುರಿಯಾಗಿಸುವ ಔಷಧ ಟ್ರಾಸ್ಟುಜುಮ್ಯಾಬ್ ಚಿಕಿತ್ಸೆಗೆ ದಾರಿಯಾಗುತ್ತದೆ. ತಲೆನೋವೆಲ್ಲ ಹೌದೋ ಅಲ್ಲವೋ ಎಂದು ಹೇಳಲಾಗದ 2+ ಬಂದಾಗ.

ಹರ್2 ಕಥೆಯ ಮೂಲ ಇಲಿಮರಿಗಳಲ್ಲಿದೆ. ಇಲಿಯ ಜೊಲ್ಲುಗ್ರಂಥಿಯಿಂದ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಬೇರ್ಪಡಿಸಿದ ಪ್ರೋಟೀನೊಂದನ್ನು ಚುಚ್ಚಿದಾಗ ಮರಿಗಳು ಬೇಗ ಕಣ್ಣು ಬಿಟ್ಟವು, ಹಲ್ಲೂ ಬೇಗ ಮೂಡಿದವು. 1962ರಲ್ಲಿ ಪ್ರಕಟವಾದ ಆ ಕೆಲಸದಿಂದ ಹೊರಬಂದದ್ದು ಇಜಿಎಫ್, ಅಂದರೆ ಕೋಶಗಳಿಗೆ ಬೆಳೆಯಲು ಸಂಕೇತ ಕೊಡುವ ಪ್ರೋಟೀನ್. ಜೀವಕೋಶದ ಹೊರಪೊರೆಯಲ್ಲಿ ಕೂತು ಅದನ್ನು ಹಿಡಿಯುವ ಗ್ರಾಹಕವು (ಇಜಿಎಫ್‌ಆರ್) ಟೈರೋಸಿನ್ ಕೈನೇಸ್, ಅಂದರೆ ಪ್ರೋಟೀನಿನ ಟೈರೋಸಿನ್‌ಗೆ ಫಾಸ್ಫೇಟ್ ಅಂಟಿಸುವ ಕಿಣ್ವ ಎಂಬುದು 1980ರ ಹೊತ್ತಿಗೆ ಗೊತ್ತಾಯಿತು.

ಈ ಗ್ರಾಹಕದ ಕುಟುಂಬದಲ್ಲಿ ನಾಲ್ವರು: ಇಜಿಎಫ್‌ಆರ್, ಹರ್2, ಹರ್3, ಹರ್4. ಸಂಕೇತ ಬಂದು ಕೂತಾಗ ಗ್ರಾಹಕ ಮಡಿಕೆ ಬಿಚ್ಚಿಕೊಂಡು ಇನ್ನೊಂದರ ಜೊತೆ ಜೋಡಿಯಾಗುತ್ತದೆ. ಪೊರೆಯ ಒಳಬದಿಯಲ್ಲಿ ಒಂದರ ಬಾಲಕ್ಕೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಂದ ರಾಸ್, ರಾಫ್, ಮೆಕ್, ಇಆರ್‌ಕೆ ಎಂಬ ಪ್ರೋಟೀನ್‌ಗಳನ್ನು ದಾಟಿ ‘ವಿಭಜನೆಯಾಗು’ ಎಂಬ ಆದೇಶ ಕೋಶಕೇಂದ್ರ ಮುಟ್ಟುತ್ತದೆ. ಹರ್2 ಮಾತ್ರ ವಿಚಿತ್ರ: ಅದಕ್ಕೆ ತನ್ನದೇ ಸಂಕೇತದ ಅಣು ಇಲ್ಲ, ಸದಾ ಬಿಚ್ಚಿಕೊಂಡೇ ಇರುತ್ತದೆ. ಹಾಗಾಗಿ ಅದರ ಸಂಖ್ಯೆ ಮಿತಿಮೀರಿದರೆ ಸಾಕು, ಯಾರೂ ಕರೆಯದಿದ್ದರೂ ಜೋಡಿಗಳಾಗುತ್ತವೆ. 1987ರಲ್ಲಿ ಡೆನಿಸ್ ಸ್ಲೇಮನ್ ತಂಡ 189 ಸ್ತನ ಕ್ಯಾನ್ಸರ್ ಗಂಟುಗಳನ್ನು ನೋಡಿ, ಸುಮಾರು ಶೇ 30ರಲ್ಲಿ ಈ ವಂಶವಾಹಿಯ ಪ್ರತಿಗಳು ಹೆಚ್ಚಿವೆ, ಅಂಥವರಲ್ಲಿ ರೋಗ ಬೇಗ ಮರುಕಳಿಸುತ್ತದೆ ಎಂದಿತು. ಈಗಿನ ಲೆಕ್ಕ ಶೇ 15ರಿಂದ 20. ಟ್ರಾಸ್ಟುಜುಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಬೆಂಗಳೂರಿನ ಬಯೋಕಾನ್ ತನ್ನ ಬಯೋಸಿಮಿಲರ್ (ಮೂಲ ಔಷಧವನ್ನೇ ಹೋಲುವ ಔಷಧ) ಅನ್ನು 2014ರಲ್ಲಿ ಮಾರುಕಟ್ಟೆಗೆ ತಂದಿತು.

ಔಷಧ ಹತ್ತಿರ ಬಂದರೂ, ಅದು ಯಾರಿಗೆ ಬೇಕೆಂಬ ತೀರ್ಮಾನ, ಗಂಟು ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣದ ಡಬ್ಬಿಯಲ್ಲೇ ಕೆಡಬಹುದು. ಗಂಟು ತೆಗೆದ ಒಂದು ಗಂಟೆಯೊಳಗೆ ಅದನ್ನು 5–10 ಮಿ.ಮೀ. ಹೋಳುಗಳಾಗಿ ಸೀಳಿ, ಶೇ 10ರ ಬಫರ್ಡ್ ಫಾರ್ಮಲಿನ್‌ಗೆ ಹಾಕಬೇಕು. ದ್ರಾವಣ ಗಂಟಿನ ಹತ್ತು ಪಟ್ಟು ಇರಲಿ. ಒಳಗಿರಬೇಕಾದ ಅವಧಿ 6ರಿಂದ 72 ಗಂಟೆ. ಸೀಳದೆ ಇಡೀ ಗಂಟನ್ನೇ ಮುಳುಗಿಸಿದರೆ ಅಂಚು ಗಟ್ಟಿಯಾಗಿ ನಡುಭಾಗ ಕೊಳೆಯುತ್ತದೆ, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಸಲೈನ್‌ನಲ್ಲಿ ಕಳಿಸುವುದಂತೂ ಶುದ್ಧ ತಪ್ಪು. ಶನಿವಾರ ಸಂಜೆ ಶಸ್ತ್ರಕ್ರಿಯೆ, ಸೋಮವಾರ ಸರ್ಕಾರಿ ರಜೆ, ಮಂಗಳವಾರ ಕೊರಿಯರ್ ಎಂದಾದರೆ ಬೆಂಗಳೂರಿನ ಲ್ಯಾಬ್ ಬುಧವಾರ ಡಬ್ಬಿ ತೆರೆಯುವಷ್ಟರಲ್ಲಿ 72 ಗಂಟೆ ದಾಟಿರುತ್ತದೆ. ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಫಾರಂನಲ್ಲಿ ಬರೆಯದಿದ್ದರೆ ಇದು ಲ್ಯಾಬಿನವರಿಗೆ ತಿಳಿಯುವುದೇ ಇಲ್ಲ.

2+ ಬಂದರೆ ಅದೇ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಗಂಟಿನ ಚೂರು) ಮೇಲೆ, ವಂಶವಾಹಿಯ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಮಾಡಿಸಬೇಕು. ಹರ್2 ಮತ್ತು ಅದು ಕೂತಿರುವ 17ನೇ ವರ್ಣತಂತುವಿನ ಗುರುತಿನ ಅನುಪಾತ 2 ಅಥವಾ ಹೆಚ್ಚು, ಜೊತೆಗೆ ಕೋಶಕ್ಕೆ ಸರಾಸರಿ 4 ಅಥವಾ ಹೆಚ್ಚು ಹರ್2 ಪ್ರತಿ ಇದ್ದರೆ ಪಾಸಿಟಿವ್. ವರದಿಯ ಕಾಗದ ಮಾತ್ರ ಒಯ್ದರೆ ಪ್ರಯೋಜನವಿಲ್ಲ. ಮೊದಲು ಪರೀಕ್ಷಿಸಿದ ಲ್ಯಾಬಿನಿಂದ ಪ್ಯಾರಾಫಿನ್ ಬ್ಲಾಕನ್ನೇ ಕೇಳಿ ಪಡೆಯಬೇಕು. ಅದು ಮೇಣ, ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡುವಂಥದ್ದಲ್ಲ.