ಪ್ರಯೋಗಕ್ಕೆ ಒಳಗಾದ ಸೈನಿಕನೂ ಸರ್ಕಾರದ ಹೊಣೆಯೂ

ಅಮೆರಿಕದ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದ ಜೇಮ್ಸ್ ಸ್ಟ್ಯಾನ್ಲಿ 1958ರ ಫೆಬ್ರುವರಿಯಲ್ಲಿ, ರಾಸಾಯನಿಕ ದಾಳಿಯಿಂದ ಕಾಪಾಡುವ ಉಡುಪು ಮತ್ತು ಸಲಕರಣೆಗಳನ್ನು ಪರೀಕ್ಷಿಸುವ ಕಾರ್ಯಕ್ರಮಕ್ಕೆ ತಾವಾಗಿಯೇ ಹೆಸರು ಕೊಟ್ಟು ಮೇರಿಲ್ಯಾಂಡಿನ ಸೇನಾ ಪ್ರಯೋಗ ಕೇಂದ್ರಕ್ಕೆ ಹೋದರು. ಅಲ್ಲಿ ಅವರಿಗೆ ತಿಳಿಸದೆ, ಭ್ರಮೆ ಹುಟ್ಟಿಸುವ ಮಾದಕ ವಸ್ತುವಾದ ಎಲ್‌ಎಸ್‌ಡಿ ಕೊಡಲಾಯಿತು. ಅನಂತರದ ವರ್ಷಗಳಲ್ಲಿ ಭ್ರಮೆ ಮತ್ತು ಮರೆವು ಅವರನ್ನು ಕಾಡಿದವು, ಸಂಸಾರ ಒಡೆಯಿತು. 1975ರಲ್ಲಿ ದೀರ್ಘಕಾಲದ ಪರಿಣಾಮಗಳ ಅಧ್ಯಯನಕ್ಕೆ ಸಹಕರಿಸುವಂತೆ ಕೋರಿ ಸೈನ್ಯವೇ ಪತ್ರ ಬರೆದಾಗ ಮಾತ್ರ ಅವರಿಗೆ ನಿಜ ತಿಳಿಯಿತು.

ಅವರು ಪರಿಹಾರ ಕೋರಿ ಹೂಡಿದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ 5-4ರ ಬಹುಮತದಿಂದ ತಳ್ಳಿಹಾಕಿತು. ಸೇವೆಯ ಅಂಗವಾಗಿ ಆದ ಹಾನಿಗೆ ಸೈನಿಕನು ಸರ್ಕಾರದ ಮೇಲೆ ದಾವೆ ಹೂಡಲಾಗದು ಎಂದು 1950ರ ಫೆರೆಸ್ ತೀರ್ಪು ಹೇಳಿತ್ತು. ಅದರ ಹಿಂದಿನ ತರ್ಕವನ್ನೇ ಮುಂದುವರಿಸಿದ ನ್ಯಾಯಾಲಯ, ಅಧಿಕಾರಿಗಳಿಂದ ವೈಯಕ್ತಿಕವಾಗಿ ಪರಿಹಾರ ಕೇಳುವ ದಾರಿಯನ್ನೂ ಮುಚ್ಚಿತು. ಸೇನಾ ಶಿಸ್ತಿನಲ್ಲಿ ನ್ಯಾಯಾಲಯ ಕೈಹಾಕಬಾರದೆಂಬ ಈ ತರ್ಕ ರಣಾಂಗಣದ ಆಜ್ಞೆಗೆ ಒಪ್ಪಬಹುದು. ಪ್ರಯೋಗಾಲಯದಲ್ಲಿ ಗುಟ್ಟಾಗಿ ಕುಡಿಸಿದ ಔಷಧಕ್ಕೆ ಅದನ್ನು ಅನ್ವಯಿಸಿದ್ದು ತಪ್ಪೆಂದೇ ನಾನು ಭಾವಿಸುತ್ತೇನೆ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರು ಮನುಷ್ಯರ ಮೇಲಿನ ಪ್ರಯೋಗಕ್ಕೆ ಅವರ ಒಪ್ಪಿಗೆ ಕಡ್ಡಾಯವೆನ್ನುವ ನ್ಯೂರೆಂಬರ್ಗ್ ಸಂಹಿತೆಯನ್ನು ನೆನಪಿಸಿದ್ದರು.

ಆದರೆ ಪರಿಹಾರಧನದ ಹಕ್ಕು ಇಲ್ಲವೆಂದರೆ ಸರ್ಕಾರಕ್ಕೆ ಕರ್ತವ್ಯವೇ ಇಲ್ಲವೆಂದು ಅರ್ಥವಲ್ಲ. ನಮ್ಮ ಕಾನೂನು ವೃತ್ತಿಯಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ಮೇರಿಲ್ಯಾಂಡಿನ ಎಡ್ಜ್‌ವುಡ್‌ನಂಥ ಸೇನಾ ಪ್ರಯೋಗ ಕೇಂದ್ರಗಳಲ್ಲಿ ಪ್ರಯೋಗಕ್ಕೊಳಗಾದ ಮಾಜಿ ಸೈನಿಕರ ಪರವಾಗಿ 2009ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ವಕೀಲರು ಹಣ ಕೇಳಲಿಲ್ಲ. ಸೈನ್ಯವು ತನ್ನದೇ 70-25ನೆಯ ನಿಯಮಾವಳಿಯನ್ನು ಪಾಲಿಸಲಿ ಎಂದು ಕೇಳಿದರು. ಪ್ರಯೋಗಕ್ಕೊಳಗಾದವರ ಆರೋಗ್ಯಕ್ಕೆ ಸಂಬಂಧಿಸಿದ ಹೊಸ ಮಾಹಿತಿ ದೊರೆತಾಗಲೆಲ್ಲ ಅವರಿಗೆ ತಿಳಿಸಬೇಕು, ಪ್ರಯೋಗದಿಂದ ಬಂದ ಗಾಯ ಅಥವಾ ಕಾಯಿಲೆಗೆ ಅಗತ್ಯ ಚಿಕಿತ್ಸೆ ಒದಗಿಸಬೇಕು ಎಂದು ಆ ನಿಯಮಾವಳಿ ಹೇಳುತ್ತದೆ. ಇವೆರಡೂ ಹಳೆಯ ಪ್ರಯೋಗಗಳಿಗೂ ಅನ್ವಯಿಸುತ್ತವೆ, ನ್ಯಾಯಾಲಯದ ಆದೇಶದಿಂದ ಜಾರಿಮಾಡಿಸಬಹುದಾದ ಕರ್ತವ್ಯಗಳಾಗಿವೆ ಎಂದು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ತೀರ್ಪಿತ್ತಿತು. ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆಂಬ ಕಾರಣಕ್ಕೆ ಸೈನ್ಯವು ತನ್ನ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ಈ ತೀರ್ಪಿನ ತಿರುಳು.

ಬ್ರಿಟನ್ನಿನಲ್ಲಿ ಇದೇ ಹೋರಾಟ ದಾಖಲೆಗಳ ಸುತ್ತ ನಡೆಯಿತು. ಅಲ್ಲಿನ ರಾಸಾಯನಿಕ ಅಸ್ತ್ರಗಳ ಸಂಶೋಧನಾ ಕೇಂದ್ರವಾದ ಪೋರ್ಟನ್ ಡೌನ್‌ನಲ್ಲಿ ಅನಿಲ ಪರೀಕ್ಷೆಗೊಳಗಾದ ಥಾಮಸ್ ರೋಚ್ ಅವರ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ, ರೋಚ್ ಅವರು ಎದುರಿಸಿದ ಅಪಾಯವನ್ನು ಅಳೆಯಲು ಬೇಕಾದ ಮಾಹಿತಿಯನ್ನು ಪಡೆಯುವ ಪರಿಣಾಮಕಾರಿ ವ್ಯವಸ್ಥೆಯನ್ನು ಸರ್ಕಾರ ಒದಗಿಸದಿದ್ದುದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದಿತು. ಅದೇ ಪೋರ್ಟನ್ ಡೌನ್‌ನ ವಿಜ್ಞಾನಿಗಳು 1930ರ ದಶಕದಿಂದ ರಾವಲ್ಪಿಂಡಿಯಲ್ಲಿ ಬ್ರಿಟಿಷ್ ಸೈನ್ಯದ ಭಾರತೀಯ ಸಿಪಾಯಿಗಳ ಮೇಲೂ ಮೈ ಸುಡುವ ವಿಷಾನಿಲವಾದ ಮಸ್ಟರ್ಡ್ ಗ್ಯಾಸ್ ಪರೀಕ್ಷಿಸಿದ್ದರು. ಆ ಸಿಪಾಯಿಗಳಿಗೆ ಮುಂದೆ ಏನಾಯಿತೆಂದು ಯಾರೂ ಹಿಂಬಾಲಿಸಿ ನೋಡಲಿಲ್ಲ. ಹೀಗಿರುವುದರಿಂದಲೇ, ಪ್ರಯೋಗಕ್ಕೊಳಗಾದವರನ್ನು ಮುಂದೆ ಗುರುತಿಸಲು ಆಗುವಂಥ ವ್ಯವಸ್ಥೆ ಇರಲೇಬೇಕೆಂದು ಅಮೆರಿಕದ ನಿಯಮಾವಳಿ ವಿಧಿಸಿರುವುದನ್ನು ನಾನು ಕಚೇರಿಯ ಸಾಮಾನ್ಯ ಕಟ್ಟಳೆಯೆಂದು ಓದುವುದಿಲ್ಲ. ಹೆಸರು, ದಿನಾಂಕ, ಕೊಟ್ಟ ವಸ್ತು, ಅದರ ಪ್ರಮಾಣ ಇವಿಷ್ಟೂ ದಾಖಲೆಯಲ್ಲಿ ಉಳಿಯದಿದ್ದರೆ ತಿಳಿಸುವ ಹೊಣೆಯನ್ನೂ ಚಿಕಿತ್ಸೆಯ ಹೊಣೆಯನ್ನೂ ಯಾವ ನ್ಯಾಯಾಲಯವೂ ಜಾರಿಮಾಡಿಸಲಾರದು.