ಎಣ್ಣೆ ಕಾಯುವ ಮೊದಲು ನೀರು ಹೋಗಬೇಕು

ಕಾಫಿ ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರ ಪ್ಲೈವುಡ್ ಆಗಬೇಕಾದರೆ, ಅಂಟು ಸವರಿದ ಅದರ ತೆಳುಹಾಳೆಗಳನ್ನು ಬಿಸಿ ಪ್ರೆಸ್ಸಿನ ನಡುವೆ ಒತ್ತಬೇಕು. ನೀರು ತಾಳುವ ದರ್ಜೆಯ ಅಂಟು ಗಟ್ಟಿಯಾಗಲು ಪ್ರೆಸ್ಸಿನ ಫಲಕಗಳು 140 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು. ಅನೇಕ ಕಾರ್ಖಾನೆಗಳಲ್ಲಿ ಈ ಶಾಖವನ್ನು ಹೊತ್ತು ತರುವುದು ಹಬೆಯಲ್ಲ, ಎಣ್ಣೆ. ಉದಾಹರಣೆಗೆ, ಹಬೆಯಲ್ಲಿ 250 ಡಿಗ್ರಿ ಬೇಕೆಂದರೆ ಸುಮಾರು 40 ಬಾರ್, ಅಂದರೆ ವಾತಾವರಣದ ಸುಮಾರು 40 ಪಟ್ಟು ಒತ್ತಡವನ್ನು ತಡೆಯುವ ಬಾಯ್ಲರ್ ಬೇಕು. ಶಾಖ ಸಾಗಿಸಲೆಂದೇ ಬಳಸುವ ಥರ್ಮಿಕ್ ಎಣ್ಣೆ ಅದೇ ಬಿಸಿಯಲ್ಲಿ ಕುದಿಯದೆ, ಕೇವಲ ಪಂಪಿನ ಒತ್ತಡದಲ್ಲಿ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಒತ್ತಡ ಕಡಿಮೆಯೆಂಬ ಈ ನೆಮ್ಮದಿಯೇ ಎಣ್ಣೆ ಕಾಯಿಸುವ ಹೀಟರನ್ನು ಚಾಲೂ ಮಾಡುವ ದಿನ ಮೈಮರೆಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ನಿಲ್ಲಿಸಿದ್ದ ಹೀಟರನ್ನು ಹಾಸನದಂಥ ಊರಿನಲ್ಲಿ ಮತ್ತೆ ಹೊತ್ತಿಸುವಾಗ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಅದು ಒಳಗೆ ಸೇರುವ ದಾರಿ ವಿಚಿತ್ರವಾದದ್ದು. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಎಣ್ಣೆಯ ಬ್ಯಾರೆಲ್‌ನ ಮೇಲಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ಹೊರಬೀಳುತ್ತದೆ. ರಾತ್ರಿಯ ತಂಪಿಗೆ ಕುಗ್ಗಿದಾಗ ಅದೇ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಸೀಲು ಒಡೆಯದ ಬ್ಯಾರೆಲ್‌ನಲ್ಲೂ ನೀರು ಸಿಗುವುದು ಹೀಗೆ. ಆದ್ದರಿಂದ ಬ್ಯಾರೆಲ್‌ಗಳನ್ನು ಸೂರಿನಡಿ ಇಡಬೇಕು. ಆಗದಿದ್ದರೆ ಎರಡು ಮುಚ್ಚಳಗಳೂ ಒಂದೇ ಮಟ್ಟದಲ್ಲಿ ಬರುವಂತೆ ಅಡ್ಡ ಮಲಗಿಸಬೇಕು.

ನೀರು ಎಣ್ಣೆಗಿಂತ ಭಾರವಾದ್ದರಿಂದ ಕೊಳವೆಗಳ ತಗ್ಗಿನಲ್ಲಿ ಕುಳಿತಿರುತ್ತದೆ. ಎಣ್ಣೆ ತಣ್ಣಗಿರುವಾಗಲೇ ತಗ್ಗಿನ ಡ್ರೈನ್ ವಾಲ್ವ್‌ಗಳಿಂದ ಸ್ವಲ್ಪ ಹೊರಬಿಟ್ಟು ನೋಡಬೇಕಾದದ್ದು ಇದಕ್ಕೇ. ಉಳಿದ ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಆದರೆ ಕಾದ ಎಣ್ಣೆ ಹಿಗ್ಗಲು ಜಾಗ ಕೊಡುವ ಮೇಲಿನ ಎಕ್ಸ್‌ಪಾನ್ಷನ್ ಟ್ಯಾಂಕಿನಿಂದ 8 ಮೀಟರ್ ಎಣ್ಣೆಯ ಭಾರ ಬೀಳುವ ಜಾಗದಲ್ಲಿ ಅದು 113 ಡಿಗ್ರಿಯವರೆಗೂ, ಪಂಪಿನ ಒತ್ತಡವೂ ಸೇರಿದಲ್ಲಿ ಇನ್ನೂ ಹೆಚ್ಚಿನ ಬಿಸಿಯವರೆಗೂ ನೀರಾಗಿಯೇ ಅಡಗಿರುತ್ತದೆ. ಒತ್ತಡ ಇಳಿಯುವ ಕಡೆ ಬಂದೊಡನೆ ಒಮ್ಮೆಲೇ ಹಬೆಯಾಗಿ, ಸುಮಾರು 1600 ಪಟ್ಟು ಹಿಗ್ಗುತ್ತದೆ. ತೊಳೆದ ಕರಿಬೇವನ್ನು ಒಗ್ಗರಣೆಗೆ ಹಾಕಿದಾಗ ಸಿಡಿಯುವುದೂ ಇದೇ. ಇಲ್ಲಿ ಬಾಣಲೆಯ ಬದಲು ಸಾವಿರಾರು ಲೀಟರ್ ಬಿಸಿ ಎಣ್ಣೆ ಟ್ಯಾಂಕಿನಿಂದ ಉಕ್ಕಿ ಬರಬಹುದು.

ಬೆಂಕಿಗೆ ಮೊದಲು ಪಂಪು, ಇದು ಮುರಿಯಬಾರದ ಕ್ರಮ. ಒಲೆಯ ಶಾಖದಲ್ಲಿ ಎಣ್ಣೆ ಹರಿಯುವ ಸುರುಳಿ ಕೊಳವೆಯ, ಅಂದರೆ ಕಾಯಿಲ್‌ನ ಗೋಡೆಗೆ ಅಂಟಿದ ಎಣ್ಣೆಯ ಪದರ ಥರ್ಮಾಮೀಟರ್ ತೋರಿಸುವುದಕ್ಕಿಂತ ಹೆಚ್ಚು ಕಾದಿರುತ್ತದೆ. ಹರಿವು ನಿಧಾನವಾದರೆ ಆ ಪದರ ಒಡೆದು ಇದ್ದಿಲಿನಂಥ ಕರಿಯಾಗಿ ಒಳಗೋಡೆಗೆ ಕಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಎಣ್ಣೆ ಮಂದವಾಗಿರುವುದರಿಂದ ಬೆಂಕಿ ಇನ್ನಷ್ಟು ಸಣ್ಣದಾಗಿರಬೇಕು. ಟ್ಯಾಂಕನ್ನು ತುಂಬಾ ತುಂಬಲೂಬಾರದು: 1000 ಲೀಟರ್ ಖನಿಜ ಎಣ್ಣೆ 200 ಡಿಗ್ರಿಯಷ್ಟು ಕಾದರೆ ಸುಮಾರು 150 ಲೀಟರ್ ಹಿಗ್ಗುತ್ತದೆ. ಬರ್ನರ್ ಇರುವ ಹೀಟರಿನಲ್ಲಿ ಬ್ಲೋವರ್ ಓಡಿಸಿ ಒಲೆಯ ಹಳೆಯ ಅನಿಲವನ್ನು ಹೊರದೂಡಿದ ಮೇಲೆಯೇ ಕಿಡಿ ಕೊಡಬೇಕು.

ಬಿಸಿ 100 ಡಿಗ್ರಿ ದಾಟುವ ಹೊತ್ತಿಗೆ ಅವಸರ ಮಾಡುವಂತಿಲ್ಲ. ನೀರಿದ್ದರೆ ಪಂಪಿನ ಗೇಜಿನ ಮುಳ್ಳು ನಡುಗುತ್ತದೆ, ಪಂಪು ಕಲ್ಲು ಅರೆದಂತೆ ಸದ್ದು ಮಾಡುತ್ತದೆ, ಮೇಲಿನ ವೆಂಟ್ ಕೊಳವೆಯಲ್ಲಿ ಬಿಳಿ ಆವಿ ಕಾಣುತ್ತದೆ. ಆಗ ಬೆಂಕಿ ತಗ್ಗಿಸಿ, ಎಣ್ಣೆ ಟ್ಯಾಂಕಿನ ಮೂಲಕ ಸುತ್ತುವಂತೆ ವಾಲ್ವ್ ತಿರುಗಿಸಿ, ಮುಳ್ಳು ಸುಮ್ಮನಾಗುವವರೆಗೆ ಅದೇ ಬಿಸಿಯಲ್ಲಿ ನಿಲ್ಲಿಸಬೇಕು. ಗಂಟೆಗಳೇ ಹಿಡಿಯಬಹುದು, ಹೊಸದಾಗಿ ಎಣ್ಣೆ ತುಂಬಿದ ಘಟಕಕ್ಕೆ ಇಡೀ ದಿನವೂ ಬೇಕಾದೀತು. ಉತ್ಪಾದನೆಯ ಒತ್ತಾಯಕ್ಕೆ ಕಿವಿಗೊಡಬಾರದ ಹೊತ್ತು ಇದೊಂದೇ.

ಸೌದೆ ಒಲೆಯ ಹೀಟರುಗಳಲ್ಲಿ ಇನ್ನೊಂದು ಮಾತಿದೆ. ಡೀಸೆಲ್ ಬರ್ನರ್ ಕರೆಂಟು ಹೋದ ಕ್ಷಣವೇ ಆರುತ್ತದೆ, ಕೆಂಡ ಆರುವುದಿಲ್ಲ. ಪಂಪು ನಿಂತು ಕೆಂಡ ಮಾತ್ರ ಉರಿಯುತ್ತಿದ್ದರೆ ಕಾಯಿಲ್‌ನಲ್ಲಿ ನಿಂತ ಎಣ್ಣೆ ಸುಟ್ಟುಹೋಗುತ್ತದೆ. ಆದ್ದರಿಂದ ಚಾಲೂ ಮಾಡುವ ಮೊದಲೇ ಜನರೇಟರನ್ನು ಓಡಿಸಿ ನೋಡಿರಬೇಕು, ಕೆಂಡ ಎಳೆದುಹಾಕುವ ಸಲಿಕೆಯೂ ಒಲೆಯ ಬಾಯಿಯ ಹತ್ತಿರವೇ ಇರಬೇಕು.