8, 88, 42: ಮೂರು ಅಂಕಿ, ಹೆಚ್ಚುಕಮ್ಮಿ ಒಂದೇ ಜಾಗ

ಐದನೇ ಕ್ಲಾಸಿನ ಹುಡುಗನ ತಾಯಿ ಅವನ ಬುದ್ಧಿ ಮತ್ತು ಓದಿನ ಪರೀಕ್ಷೆಯ ರಿಪೋರ್ಟ್ ಹಿಡಿದು ನನ್ನ ಬಳಿ ಬಂದಿದ್ದರು. ಮೂರು ಅಂಕಿಗಳ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಶಬ್ದಜ್ಞಾನ 8. ಐಕ್ಯೂ 88. ಓದಿನ ಪರೀಕ್ಷೆಯ ಟಿ ಸ್ಕೋರ್ 42.

"ಬುದ್ಧಿ 88 ಇದೆ, ಡಿಸ್ಟಿಂಕ್ಷನ್. ಓದಿನಲ್ಲಿ ಹೇಗೋ ಪಾಸು. ಶಬ್ದಜ್ಞಾನ ಮಾತ್ರ ಬರೀ 8 ಯಾಕೆ ಮೇಡಂ? ಮನೇಲಿ ಅಷ್ಟು ಮಾತಾಡ್ತಾನೆ" ಎನ್ನುವಾಗ ಅವರ ಕಣ್ಣು ತುಂಬಿತ್ತು.

ತಪ್ಪು ಅವರದ್ದಲ್ಲ. 35 ಬಂದರೆ ಪಾಸು, 85 ದಾಟಿದರೆ ಡಿಸ್ಟಿಂಕ್ಷನ್ ಅಂತ ಕೇಳಿಕೊಂಡೇ ನಾವೆಲ್ಲ ದೊಡ್ಡವರಾದೆವು. ಈ ಅಂಕಿಗಳು ನೂರಕ್ಕೆ ಬಂದ ಮಾರ್ಕ್ಸ್ ಅಲ್ಲ ಎಂದು ರಿಪೋರ್ಟ್ ಕೊಟ್ಟವರು ಬಿಡಿಸಿ ಹೇಳಬೇಕಿತ್ತು.

ಒಂದು ಹಾಳೆ ತೆಗೆದು ದೇವಸ್ಥಾನದ ಗಂಟೆಯ ಆಕಾರ ಬರೆದೆ. ಒಂದೇ ವಯಸ್ಸಿನ 100 ಮಕ್ಕಳಿಗೆ ಪರೀಕ್ಷೆ ಕೊಟ್ಟರೆ ಹೆಚ್ಚಿನವರು ನಡುವೆ ಗುಂಪಾಗುತ್ತಾರೆ, ಎರಡೂ ತುದಿಗೆ ಹೋದಂತೆ ತೆಳುವಾಗುತ್ತಾರೆ. ಐಕ್ಯೂನಲ್ಲಿ ನಡು 100, ಹರವು 15. ಹರವು ಅಂದರೆ ಪುಸ್ತಕದಲ್ಲಿ ಬರುವ ಸ್ಟ್ಯಾಂಡರ್ಡ್ ಡೀವಿಯೇಷನ್. 85ರಿಂದ 115ರ ಒಳಗೇ ಸುಮಾರು 68 ಮಕ್ಕಳು ಸಿಗುತ್ತಾರೆ. 70ಕ್ಕಿಂತ ಕೆಳಗೆ ಇರುವವರು ಇಬ್ಬರು, 130 ದಾಟುವವರೂ ಇಬ್ಬರೇ.

ಶಬ್ದಜ್ಞಾನದ ಅಳತೆಗೋಲು ಬೇರೆ. ಅಲ್ಲಿ ನಡು 10, ಹರವು 3. ಟಿ ಸ್ಕೋರಿಗೆ ನಡು 50, ಹರವು 10. ಈಗ ಲೆಕ್ಕ ಸುಲಭ. ನಡುವಿನಿಂದ ಎಷ್ಟು ದೂರ ಇದೆ ಎಂದು ನೋಡಿ, ಆ ದೂರವನ್ನು ಹರವಿನಿಂದ ಭಾಗಿಸಿದರೆ ಆಯಿತು. 88 ಅಂದರೆ 12 ಕಡಿಮೆ, ಅಂದರೆ 0.8 ಹರವು ಕೆಳಗೆ. 42 ಅಂದರೆ 8 ಕಡಿಮೆ, ಅದೂ 0.8 ಕೆಳಗೆ. ಅಮ್ಮನನ್ನು ಅಳಿಸಿದ ಆ 8 ಇದೆಯಲ್ಲ, ಅದು ಬರೀ 0.67 ಕೆಳಗೆ! ಮೂರರಲ್ಲಿ ನಡುವಿಗೆ ಹತ್ತಿರ ಇರುವುದು ಅದೇ.

ಪರ್ಸೆಂಟೈಲ್ ಅಂದರೆ ಓರಗೆಯ 100 ಮಕ್ಕಳಲ್ಲಿ ಎಷ್ಟು ಮಂದಿ ನಮಗಿಂತ ಕೆಳಗಿದ್ದಾರೆ ಎಂಬ ಲೆಕ್ಕ. ಅದಕ್ಕೆ ತಿರುಗಿಸಿದರೆ 88 ಮತ್ತು 42 ಎರಡೂ 21ನೇ ಜಾಗ, 8 ಅಂದರೆ 25ನೇ ಜಾಗ. ಪರ್ಸೆಂಟೈಲ್ ಬಗ್ಗೆ ಒಂದು ಎಚ್ಚರ ಬೇಕು. ಐಕ್ಯೂ 100 ಇದ್ದದ್ದು 105 ಆದರೆ ಮಗು 50ರಿಂದ 63ಕ್ಕೆ ಜಿಗಿಯುತ್ತದೆ. 130 ಇದ್ದದ್ದು 135 ಆದರೆ ಸುಮಾರು 98ರಿಂದ 99ಕ್ಕೆ ಸರಿಯುತ್ತದೆ, ಅಷ್ಟೇ. ಅದೇ 5 ಪಾಯಿಂಟು. ಗುಂಪು ದಟ್ಟವಾಗಿರುವ ಕಡೆ ಒಂದು ಹೆಜ್ಜೆ ಇಟ್ಟರೂ ತುಂಬ ಜನರನ್ನು ದಾಟುತ್ತೇವೆ. ಹಾಗಾಗಿ ಪರ್ಸೆಂಟೈಲ್‌ಗಳನ್ನು ಸುಮ್ನೆ ಕೂಡಿ ಕಳೆದು ಹೋಲಿಸಬಾರದು.

ಐಕ್ಯೂ ಎಂಬ ಹೆಸರು ಒಂದೇ ಇದ್ದರೂ ಸಾಲದು. 1930ರ ದಶಕದಲ್ಲಿ ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಒಗ್ಗಿಸಿದ ಬಿನೆ-ಕಾಮತ್ ಪರೀಕ್ಷೆ ನಮ್ಮಲ್ಲಿ ಈಗಲೂ ಬಳಕೆಯಲ್ಲಿದೆ. ನಮ್ಮ ಮಕ್ಕಳ ಭಾಷೆಯಲ್ಲೇ ಅಷ್ಟು ಹಿಂದೆ ಆದ ಆ ಕೆಲಸದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಅದರಲ್ಲಿ ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನವರ ಮಟ್ಟಕ್ಕೆ ಉತ್ತರಿಸಿತೋ ಆ ವಯಸ್ಸನ್ನು, ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುತ್ತೇವೆ. ಹೀಗೆ ಬಂದ ಅಂಕಿಯ ಹರವು ಎಲ್ಲ ವಯಸ್ಸಿನಲ್ಲೂ ಒಂದೇ ಇರುವುದಿಲ್ಲ. ಡೇವಿಡ್ ವೆಕ್ಸ್ಲರ್ 1939ರಲ್ಲಿ ನ್ಯೂಯಾರ್ಕಿನಲ್ಲಿ ತಂದ ಪರೀಕ್ಷೆ ಈ ಭಾಗಾಕಾರವನ್ನು ಬಿಟ್ಟು, ಓರಗೆಯವರ ನಡುವೆ ನಾವು ನಿಂತಿರುವ ಜಾಗವನ್ನೇ ಅಂಕಿ ಮಾಡಿತು. ಒಂದರಲ್ಲಿ 82, ಇನ್ನೊಂದರಲ್ಲಿ 88 ಬಂದರೆ "ಮಗು 6 ಪಾಯಿಂಟು ಸುಧಾರಿಸಿತು" ಎಂದು ನಾನಂತೂ ಬರೆಯುವುದಿಲ್ಲ.

ಒಂದೇ ಪರೀಕ್ಷೆಯನ್ನು ಎರಡು ಸಲ ಮಾಡಿದರೂ ಅಂಕಿ ಅಲ್ಲಾಡುತ್ತದೆ. ಮಗುವಿಗೆ ನಿದ್ದೆ ಸಾಲದೆ ಇರಬಹುದು, ಜ್ವರ ಬಿಟ್ಟು ಎರಡೇ ದಿನ ಆಗಿರಬಹುದು. ಮತ್ತೆ ಅಳೆದರೂ ಅಂಕಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ವಿಶ್ವಾಸಾರ್ಹತೆ ಎನ್ನುತ್ತೇವೆ, ಪೂರ್ತಿ ಅಂದರೆ 1. ಅದು 0.95 ಇರುವ ಒಳ್ಳೆಯ ಪರೀಕ್ಷೆಯಲ್ಲೂ ಸುಮಾರು 7 ಪಾಯಿಂಟು ಆ ಕಡೆ ಈ ಕಡೆ ಬಿಟ್ಟುಕೊಡಬೇಕು. 69 ಬಂದ ಮಗುವನ್ನೂ 71 ಬಂದ ಮಗುವನ್ನೂ ಈ ಅಂಕಿಯೊಂದನ್ನೇ ನೋಡಿ, 70ರ ಗೆರೆಯ ಕೆಳಗೆ, ಮೇಲೆ ಎಂದು ಬೇರೆ ಬೇರೆ ಪೆಟ್ಟಿಗೆಗೆ ಹಾಕುವುದು ಅನ್ಯಾಯ. ಅದಕ್ಕೇ ಮಗು ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಹೇಗೆ ನಿಭಾಯಿಸುತ್ತದೆ ಎಂದು ಕೇಳದೆ ನಾನು ಸಹಿ ಹಾಕುವುದಿಲ್ಲ.

ಹುಡುಗನ ರಿಪೋರ್ಟಿನಲ್ಲಿ ಐಕ್ಯೂ ಮುಂದೆ "81ರಿಂದ 95ರ ಒಳಗೆ" ಎಂದು ಬರೆದುಕೊಟ್ಟೆ. ತಾಯಿ ನನ್ನ ಪೆನ್ನು ಕೇಳಿ ತೆಗೆದುಕೊಂಡರು. ತಾವೇ ಗೆರೆ ಎಳೆದಿದ್ದ ಆ 8ರ ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಬರೆದುಕೊಂಡರು: "ನಡು 10. ನೂರು ಅಲ್ಲ."